ತವರ ಬಾಗಿಲಿಂದ ತಿರುಗಿದ ಹೊಳೆ

ಲೋಕ ಇನ್ನೂ ಹೊಸತಾಗಿದ್ದ ಕಾಲ. ಎಷ್ಟು ಹೊಸತು ಅಂದರೆ, ನೆಟ್ಟಗೆ ಬೆಳೆಯಬೇಕೋ ಬಾಗಿ ಬೆಳೆಯಬೇಕೋ ಎಂದು ತೆಂಗಿನಮರಕ್ಕೇ ಗೊತ್ತಿರಲಿಲ್ಲ. ಏಡಿ ಒಂದು ದಿನ ಮುಂದಕ್ಕೆ ನಡೆದು ನೋಡುತ್ತಿತ್ತು, ಇನ್ನೊಂದು ದಿನ ಅಡ್ಡಕ್ಕೆ ನಡೆದು ನೋಡುತ್ತಿತ್ತು. ಗಾಳಿಗೆ ಮನೆಯಿಲ್ಲ, ಮಠವಿಲ್ಲ, ಕಂಡಕಂಡವರ ಅಂಗಳಕ್ಕೆ ನುಗ್ಗಿ ಸುದ್ದಿ ಹೇಳುವುದೇ ಕೆಲಸ. ಆ ಚಾಳಿ ಅದು ಈಗಲೂ ಬಿಟ್ಟಿಲ್ಲ, ಬಿಡು.

ಆಗಲೂ ಮೂಡಣದಲ್ಲಿ ಘಟ್ಟ ಇತ್ತು, ಪಡುವಣದಲ್ಲಿ ಕಡಲು ಇತ್ತು. ನಡುವೆ ಬಯಲು. ಬಯಲು ಮುಗಿದು ಕಡಲು ಶುರುವಾಗುವ ಜಾಗದಲ್ಲಿ ಉದ್ದಕ್ಕೆ ಒಂದು ಮರಳಿನ ದಿಣ್ಣೆ. ಆ ದಿಣ್ಣೆಯ ಮೇಲೆ ಒಂದೇ ಒಂದು ಮನೆ. ಅದು ದಾರಕ್ಕನ ಮನೆ.

ದಾರಕ್ಕ ಒಂಟಿ ಹೆಂಗಸು. ಬಲೆ ನೇಯುತ್ತಿದ್ದಳು, ಮೀನು ಒಣಗಿಸುತ್ತಿದ್ದಳು, ದಿನವಿಡೀ ಮಾತಾಡುತ್ತಿದ್ದಳು. ಮಾತಾಡಲು ಮನುಷ್ಯರೇ ಬೇಕೆಂದಿರಲಿಲ್ಲ. ಏಡಿ ಸಿಕ್ಕಿದರೆ ಏಡಿ, ಕಾಗೆ ಸಿಕ್ಕಿದರೆ ಕಾಗೆ. ಯಾರೂ ಸಿಗದಿದ್ದರೆ ಕಡಲು ಇದ್ದೇ ಇತ್ತಲ್ಲ, ಮನೆಯ ಹಿಂದೆಯೇ. ಅವಳು ಅದನ್ನು ಕಡಲಣ್ಣ ಎಂದು ಕರೆಯುತ್ತಿದ್ದಳು. ಕಡಲಣ್ಣ ಅವಳನ್ನು ದಾರೂ ಎನ್ನುತ್ತಿದ್ದ.

ದಾರಕ್ಕನ ಮನೆಯಲ್ಲಿ ಒಂದು ಕಷ್ಟ ಇತ್ತು. ಸಿಹಿ ನೀರಿಲ್ಲ. ಎಲ್ಲಿ ತೋಡಿದರೂ ಉಪ್ಪು. ಒಂದು ಕೊಡ ಕುಡಿಯುವ ನೀರಿಗೆ ಅವಳು ಬಯಲು ದಾಟಿ, ಗುಡ್ಡದ ಬುಡದ ಒರತೆಗೆ ಹೋಗಬೇಕು. ಹೋಗುವಾಗ ಬಿಸಿಲು ನೆತ್ತಿಗೆ, ಬರುವಾಗ ಬಿಸಿಲು ಮುಖಕ್ಕೆ. ಸೊಂಟದ ಮೇಲೆ ಕೊಡ ಕೂತು ಕೂತು ಅಲ್ಲೊಂದು ಗಾಯವೇ ಆಗಿತ್ತು.

ಆದರೆ ಒಂದು ಮಾತು ಹೇಳಬೇಕು. ಅಷ್ಟು ಕಷ್ಟದ ನೀರಾದರೂ ಬಾಗಿಲಿಗೆ ಬಂದವರನ್ನು ಅವಳು ಬಾಯಾರಿಸಿ ಕಳಿಸಿದವಳಲ್ಲ. ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಆಮೇಲೆ ಯಾರು, ಎಲ್ಲಿಂದ, ಏನು ಕೆಲಸ ಎಂಬ ಮಾತು. ಮೊಟ್ಟೆಯಿಡಲು ಬಂದ ಕಡಲಾಮೆಗೂ ಬೆಲ್ಲ ನೀರು. ದೂರ ದೇಶದಿಂದ ಹಾರಿ ಬಂದು ಸುಸ್ತಾಗಿ ಬಿದ್ದ ಹಕ್ಕಿಗೂ ಬೆಲ್ಲ ನೀರು. ಕಾಗೆಗೂ ಕೊಡುತ್ತಿದ್ದಳು, ಬೈದುಕೊಂಡು ಕೊಡುತ್ತಿದ್ದಳು.

"ಕೇಳಿದ ಮೇಲೆ ಕೊಟ್ಟರೆ ಅದು ದಾನ," ಎನ್ನುತ್ತಿದ್ದಳು ದಾರಕ್ಕ. "ಕೇಳುವ ಮುಂಚೆ ಕೊಟ್ಟರೆ ಅದು ಮನೆ."

ಒಂದು ಬೆಳಿಗ್ಗೆ ಕಡಲಣ್ಣ ಅವಳನ್ನು ಕರೆದ. ಅವತ್ತು ಅವನ ದನಿ ಮೆತ್ತಗಿತ್ತು.

"ದಾರೂ, ನನಗೊಬ್ಬಳು ಮಗಳಿದ್ದಾಳೆ."

"ಅಯ್ಯಯ್ಯೋ!" ಎಂದು ದಾರಕ್ಕ ಕೈಲಿದ್ದ ಬಲೆ ಕೆಳಗಿಟ್ಟಳು. "ಇಷ್ಟು ಕಾಲ ನೆರೆಕರೆ ನಾವು. ಒಂದು ದಿನ ಬಾಯಿ ಬಿಟ್ಟಿಲ್ಲೆ ನೀನು! ಎಲ್ಲಿದ್ದಾಳೆ?"

"ಘಟ್ಟದ ಮೇಲೆ, ಅಜ್ಜಿಯ ಮನೆಯಲ್ಲಿ. ತಾಯಿಯಿಲ್ಲದ ಮಗು. ಎಳೆಯವಳಿದ್ದಾಗ ಮಂಜಾಗಿ ನನ್ನ ಮೈಯಿಂದ ಎದ್ದು ಹೋದವಳು. ಘಟ್ಟದಜ್ಜಿ ಸಾಕಿದಳು. ಈಗ ಬೆಳೆದು ಹೊಳೆಯಾಗಿದ್ದಾಳಂತೆ. ಮನೆಗೆ ಹೊರಟಿದ್ದಾಳಂತೆ. ಗಾಳಿ ಹೇಳಿತು."

"ಬರಲಿ, ಬರಲಿ! ಒಳ್ಳೆಯದೇ ಆಯ್ತಲ್ಲ. ಅದಕ್ಕೆ ಮುಖ ಯಾಕೆ ಸಣ್ಣ ಮಾಡಿಕೊಂಡಿದ್ದೀಯ?"

"ಅವಳನ್ನು ಎದುರುಗೊಳ್ಳಲು ನಾನು ಬರುವ ಹಾಗಿಲ್ಲ ದಾರೂ. ಈ ಗೆರೆ ಇದೆಯಲ್ಲ."

ದಾರಕ್ಕನಿಗೆ ಆ ಗೆರೆ ಗೊತ್ತಿತ್ತು. ಲೋಕ ಮಾಡಿದ ದಿನ ದೇವರು ಮರಳಿನ ಮೇಲೆ ಬೆರಳಿಂದ ಎಳೆದದ್ದು. ಕಡಲೇ, ಇಲ್ಲಿಯ ತನಕ ನೀನು, ಇದರಾಚೆ ಕಾಲಿಟ್ಟರೆ ಲೋಕ ಮುಳುಗುತ್ತದೆ ಎಂದು ಹೇಳಿ ಹೋಗಿದ್ದ. ಕಡಲಣ್ಣ ದಿನವೂ ಗೆರೆಯ ತನಕ ಬಂದು ಹಿಂದೆ ಸರಿಯುತ್ತಿದ್ದ.

"ನಿನ್ನ ಅಂಗಳ ದಾಟಿದರೆ ನನ್ನ ಮಡಿಲು," ಎಂದ ಕಡಲಣ್ಣ. "ನನಗೆ ನೀನು ತಂಗಿಯಾದರೆ ಅವಳಿಗೆ ಅತ್ತೆ. ಅವಳಿಗೆ ನನ್ನ ಮುಖದ ನೆನಪಿಲ್ಲ, ಮನೆ ಗುರುತಿಲ್ಲ. ನನ್ನ ಪರವಾಗಿ ಬಾಗಿಲಲ್ಲಿ ನೀನು ನಿಲ್ಲು. ಮಗಳನ್ನು ಮಗಳ ಹಾಗೆ ಒಳಗೆ ಕರೆದುಕೋ. ಇಷ್ಟೇ ನಾನು ಕೇಳುವುದು."

ದಾರಕ್ಕನಿಗೆ ಕಣ್ಣು ತುಂಬಿ ಬಂತು. "ಇದನ್ನು ನೀನು ಹೇಳಿಕೊಡಬೇಕಾ ಅಣ್ಣಾ? ನನ್ನ ಬಾಗಿಲಿಗೆ ಬಂದವರು ಯಾರು ಬಾಡಿದ ಮುಖದಲ್ಲಿ ಹೋಗಿದ್ದಾರೆ ಹೇಳು?"

"ಅದಕ್ಕೇ ನಿನ್ನ ಹತ್ತಿರ ಹೇಳಿದೆ," ಎಂದ ಕಡಲಣ್ಣ. "ಅವಳು ನಿನ್ನ ಅಂಗಳದಲ್ಲೇ ಹರಿದು ನನ್ನನ್ನು ಸೇರಿದರೆ ನಿನಗೂ ಬಾಗಿಲಲ್ಲೇ ಸಿಹಿ ನೀರು. ಮತ್ತೆ ಆ ಗುಡ್ಡದ ದಾರಿ ತುಳಿಯುವುದು ಬೇಡ."

ಶುರುವಾಯಿತು ನೋಡು ದಾರಕ್ಕನ ಗಡಿಬಿಡಿ. ಅಂಗಳ ಕೆತ್ತಿ ಹದ ಮಾಡಿದಳು, ಸಗಣಿ ಸಾರಿಸಿದಳು. ಹೊಸ ಚಾಪೆ ಹೆಣೆದಳು. ದಿಣ್ಣೆಯನ್ನು ಅಂಗಳದ ನಡುವೆ ಅಗಲಕ್ಕೆ ಬಗೆದು, ಹೊಳೆ ಸಲೀಸಾಗಿ ಕಡಲಿಗೆ ಇಳಿಯಲು ದಾರಿ ಮಾಡಿಟ್ಟಳು. ಹಲಸಿನೆಲೆಯ ಕೊಟ್ಟೆ ಕಟ್ಟಿ ಕಡುಬು ಬೇಯಿಸಿದಳು. ಅಕ್ಕಿ, ಕಾಯಿ, ಬೆಲ್ಲ ಅರೆದು ಹಾಲುಬಾಯಿ ಕಾಸಿ, ಬಾಳೆಲೆಯ ಮೇಲೆ ಹರಡಿಟ್ಟಳು.

ಗಾಳಿ ಹೊತ್ತುಹೊತ್ತಿಗೆ ಬಂದು ಸುದ್ದಿ ಕೊಡುತ್ತಿತ್ತು.

"ಹ್ವಾಯ್ ದಾರಕ್ಕಾ, ಘಟ್ಟದ ತುದಿಯಿಂದ ಜಿಗಿದಳು ಕಾಣಿ! ಏನು ಬೆಳ್ಳಗೆ, ಏನು ಬೆಳ್ಳಗೆ!"

"ಕಾಡಿಗೆ ಬಂದಳು. ಆನೆ ಹಿಂಡು ಬಂದು ಕುಡಿಯಿತು. ಕಡವೆ ಕುಡಿಯಿತು. ಹುಲಿ ಕುಡಿದು ಬಾಯೊರೆಸಿಕೊಂಡು ಹೋಯಿತು."

"ಊರಿಗೆ ಬಂದಳು. ಹೆಂಗಸರು ಕೊಡ ತುಂಬಿಸಿಕೊಂಡರು. ಎಮ್ಮೆಗಳು ಬಿದ್ದು ಹೊರಳಾಡಿದವು. ಗದ್ದೆಯವರು ಕಾಲುವೆ ಕಡಿದು ಎಳೆದುಕೊಂಡರು. ಕುಂಬಾರ ಮಣ್ಣು ಕಲಸಿದ, ಅಗಸ ಬಟ್ಟೆ ಒಗೆದ."

"ಪಾಪ, ಎಲ್ಲರಿಗೂ ಕೊಡ್ತಾ ಬರ್ತಿದ್ದಾಳೆ ಮಗಳು," ಎಂದಳು ದಾರಕ್ಕ ಹೆಮ್ಮೆಯಿಂದ.

"ಹೌದು. ಎಲ್ಲರೂ ತಗೊಂಡರು," ಎಂದಿತು ಗಾಳಿ. ಅದರ ದನಿಯಲ್ಲಿ ಏನೋ ಒಂದಿತ್ತು. ದಾರಕ್ಕ ಕಡುಬು ಬೆಂದಿತೋ ಇಲ್ಲವೋ ನೋಡುತ್ತಿದ್ದಳು, ಗಮನಿಸಲಿಲ್ಲ.

ಹೊಳೆ ಬರುವ ದಿನ ಬೆಳಿಗ್ಗೆ ದಾರಕ್ಕನ ಕೊಡದಲ್ಲಿ ಉಳಿದಿದ್ದ ನೀರು ಹಾಲುಬಾಯಿಗೂ ಅಂಗಳಕ್ಕೂ ಖರ್ಚಾಗಿ ಹೋಯಿತು. ಖಾಲಿ ಕೊಡ ಬಾಗಿಲ ಪಕ್ಕ ಬೋರಲು ಬಿದ್ದಿತ್ತು. ಅಂಗಳದ ಮೂಲೆಯಲ್ಲಿ ತೂತು ತೋಡುತ್ತಿದ್ದ ಏಡಿ ಅದನ್ನು ನೋಡಿತು.

"ದಾರಕ್ಕಾ, ಒರತೆಗೆ ಹೋಗುವುದಿಲ್ಲವಾ ಇವತ್ತು?"

"ಎಂತಕ್ಕೆ?"

"ಬರುವವಳಿಗೆ ಬೆಲ್ಲ ನೀರು ಕೊಡುವುದು ಬೇಡವಾ? ನನಗೇ ಕೊಡ್ತೀರಿ ನೀವು."

ದಾರಕ್ಕ ಸೊಂಟಕ್ಕೆ ಕೈಕೊಟ್ಟು ನಕ್ಕಳು ನೋಡು, ಮನೆಯ ಗರಿ ಅದುರುವ ಹಾಗೆ ನಕ್ಕಳು. "ಎಲಾ ಇದರ ಬುದ್ಧಿಯೇ! ಹೊಳೆಗೆ ನೀರು ಕೊಡುವುದಾ? ಸಮುದ್ರಕ್ಕೆ ಉಪ್ಪು ಹೊತ್ತ ಹಾಗಾಯ್ತು! ನೋಡಿದವರು ದಾರುವಿಗೆ ತಲೆ ಕೆಟ್ಟಿದೆ ಅಂದಾರು. ನೀರೇ ಕಾಲಾಡಿಸಿಕೊಂಡು ಮನೆಗೆ ಬರುವಾಗ ನಾನು ಗುಡ್ಡಕ್ಕೆ ಹೋಗಿ ಸೊಂಟ ಮುರಿದುಕೊಳ್ಳಬೇಕಾ?"

ಮಾತು ಅಡ್ಡಬಿದ್ದ ನಾಚಿಕೆಗೆ ಏಡಿ ಅಡ್ಡಡ್ಡ ನಡೆದು ತೂತಿಗೆ ಸೇರಿಕೊಂಡಿತು.

ಈಗ ನೀನು ಕೇಳಬಹುದು, ಹೌದಲ್ಲ, ಹೊಳೆಗೆ ನೀರು ಯಾಕೆ ಎಂದು. ದಾರಕ್ಕನೂ ಹಾಗೆಯೇ ಅಂದುಕೊಂಡಳು. ತಪ್ಪು ಅಂತ ಯಾರು ಹೇಳುತ್ತಾರೆ? ಆದರೆ ಕೊಡುವವರಿಗೆ ಬಾಯಾರುವುದಿಲ್ಲ ಅಂತ ಯಾರು ಹೇಳಿದ್ದು?

ಹೊರಡುವಾಗ ಘಟ್ಟದಜ್ಜಿ ಮೊಮ್ಮಗಳ ತಲೆ ಬಾಚಿ ಒಂದು ಮಾತು ಹೇಳಿ ಕಳಿಸಿದ್ದಳು. ಅದು ದಾರಕ್ಕನಿಗೆ ಗೊತ್ತಿರಲಿಲ್ಲ.

"ಮಗಾ, ಕೆಳಗೆ ಇಳಿದ ಮೇಲೆ ಕಡಲಿನ ದನಿ ಎಲ್ಲ ಕಡೆಯೂ ಕೇಳುತ್ತದೆ. ದನಿ ಕೇಳಿತು ಅಂತ ಎಲ್ಲೆಂದರಲ್ಲಿ ನುಗ್ಗಬೇಡ. ತವರು ಯಾವುದು ಅಂತ ಹೇಗೆ ಗೊತ್ತಾಗುತ್ತದೆ ಹೇಳಲಾ? ದಾರಿಯಲ್ಲಿ ಎಲ್ಲರೂ ನಿನ್ನ ಹತ್ತಿರ ನೀರು ಕೇಳುತ್ತಾರೆ. ಕೊಡು. ಕೇಳಿದವರಿಗೆಲ್ಲ ಕೊಟ್ಟು ಮುಂದೆ ನಡೆ. ಯಾವ ಬಾಗಿಲಲ್ಲಿ ನಿನಗೇ ನೀರು ಕೊಟ್ಟು, ಕುಡಿ ಮಗಾ ಅನ್ನುತ್ತಾರೋ ಅದು ನಿನ್ನ ಮನೆ."

ಹೊಳೆ ಆ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬಂದ ದಾರಿಯೆಲ್ಲ ಕೊಡ ನೀಡಿದವರೇ. ಕೊಟ್ಟಳು, ಮುಂದೆ ನಡೆದಳು. ಕೊಟ್ಟಳು, ಮುಂದೆ ನಡೆದಳು.

ಹೊತ್ತು ಇಳಿಯುವ ಸಮಯಕ್ಕೆ ಅವಳು ದಾರಕ್ಕನ ಅಂಗಳದ ಅಂಚಿಗೆ ಬಂದು ನಿಂತಳು. ಕಲ್ಲು ಕಲ್ಲಿಗೆ ತಾಗಿ ಕಾಲು ನೊಂದಿತ್ತು. ತಲೆಯಲ್ಲಿ ಕಾಡಿನ ತರಗೆಲೆ ಸಿಕ್ಕಿಕೊಂಡಿತ್ತು. ದಾರಿಯಲ್ಲಿ ಕೊಟ್ಟು ಕೊಟ್ಟು ಮೈ ಸಣಕಲಾಗಿತ್ತು. ದಿಣ್ಣೆಯ ಆಚೆ ಕಡಲಣ್ಣ ಉಸಿರು ಬಿಗಿಹಿಡಿದುಕೊಂಡಿದ್ದ. ಅಲೆ ಸದ್ದು ಮಾಡಿದರೆ ಮಗಳ ಹೆಜ್ಜೆ ಕೇಳಿಸದೇ ಹೋದೀತು ಅಂತ ಅವನಿಗೆ ಹೆದರಿಕೆ.

"ಬಂದೆಯಾ ಮಗಾ!" ಎಂದು ದಾರಕ್ಕ ಓಡಿ ಬಂದಳು. "ಬಾ ಬಾ. ಅಯ್ಯೋ, ಎಷ್ಟು ಬಡಕಲಾಗಿದ್ದಿ! ಕಡುಬು ಮಾಡಿದ್ದೇನೆ, ಹಾಲುಬಾಯಿ ಮಾಡಿದ್ದೇನೆ. ಚಾಪೆ ಕಂಡೆಯಾ, ನಾನೇ ಹೆಣೆದದ್ದು. ಅಲ್ಲಿ ಕಾಣು, ಆ ನಡುಗಡ್ಡೆ, ಅದರ ಮೇಲೆ ಬರೀ ಹಕ್ಕಿಗಳದೇ ಸಂಸಾರ. ಅಲ್ಲಿ ಕರಿ ಬಂಡೆ ಉಂಟಲ್ಲ, ಅದರ ಸಂದಿಯಲ್ಲಿ ಮರುವಾಯಿ ಚಿಪ್ಪು ರಾಶಿ ರಾಶಿ. ಸಂಜೆ ಸೂರ್ಯ ಮುಳುಗುವುದು ಇಲ್ಲಿ ಕಂಡಷ್ಟು ಚಂದ ಎಲ್ಲೂ ಕಾಣುವುದಿಲ್ಲ, ನಾಳೆ ತೋರಿಸುತ್ತೇನೆ..."

ಮಾತು, ಮಾತು, ಮಾತು. ಸಂತೋಷ ಹೆಚ್ಚಾದರೆ ದಾರಕ್ಕನಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಊರು ಹೇಳಿದಳು, ಮೀನು ಹೇಳಿದಳು, ಸೂರ್ಯನನ್ನೂ ಹೇಳಿದಳು. ನಾನು ನಿನ್ನ ಅತ್ತೆ, ಇದು ನಿನ್ನ ಅಪ್ಪನ ಮನೆ ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ. ಅದು ಅವಳಿಗೆ ಗೊತ್ತೇ ಇದೆ ಅಂದುಕೊಂಡಳು.

ಹೊಳೆ ಸುಮ್ಮನೆ ನಿಂತು ಕೇಳಿದಳು. ಅವಳ ಕಣ್ಣು ಮಾತ್ರ ದಾರಕ್ಕನ ಕೈಯ ಮೇಲಿತ್ತು. ಈ ಕೈ ಈಗ ತಂಬಿಗೆ ಎತ್ತುತ್ತದೆ, ಈಗ ಕುಡಿ ಮಗಾ ಅನ್ನುತ್ತದೆ ಎಂದು ಕಾದಳು. ಕೇಳುವ ಹಾಗಿಲ್ಲ. ಕೇಳಿ ಪಡೆದರೆ ಗುರುತು ಸಿಗುವುದು ಹೇಗೆ?

ದಾರಕ್ಕನ ಕೈ ಬಾಗಿಲ ಪಕ್ಕಕ್ಕೆ ಹೋಯಿತು. ಹೊಳೆಯ ಎದೆ ಒಂದು ಸಲ ಉಬ್ಬಿತು.

ದಾರಕ್ಕ ಖಾಲಿ ಕೊಡ ಎತ್ತಿ ಅವಳ ಮುಂದೆ ಹಿಡಿದಳು.

"ಕೂರುವುದಕ್ಕೆ ಮುಂಚೆ ಇದೊಂದು ತುಂಬಿಸಿ ಕೊಡು ಮಗಾ. ಬೆಳಿಗ್ಗೆಯಿಂದ ಮನೆಯಲ್ಲಿ ಒಂದು ಹನಿ ನೀರಿಲ್ಲೆ."

ಹೊಳೆ ಕೊಡವನ್ನು ನೋಡಿದಳು. ದಾರಕ್ಕನ ಮುಖ ನೋಡಿದಳು. ಆಮೇಲೆ ಕಂಠದ ತನಕ ತುಂಬಿಸಿ ಕೊಟ್ಟಳು.

"ಇಷ್ಟು ಸಾಕಾ ಅಮ್ಮಾ?"

"ಸಾಕು ಸಾಕು! ನಿನ್ನ ಹೊಟ್ಟೆ ತಣ್ಣಗಿರಲಿ. ಕೂತಿರು, ಎಲೆ ಹಾಕಿದೆ ಈಗ." ದಾರಕ್ಕ ಕೊಡ ಎತ್ತಿ ಸೊಂಟದಲ್ಲಿಟ್ಟುಕೊಂಡು ಒಳಗೆ ಹೋದಳು. ಎಷ್ಟು ಹಗುರ ಅನ್ನಿಸಿತು ಅವಳಿಗೆ ಆ ಕೊಡ! ಬಾಗಿಲಲ್ಲೇ ಸಿಕ್ಕಿದ ನೀರಲ್ಲವಾ.

ಬಾಳೆಲೆ ಹಿಡಿದು ಹೊರಗೆ ಬಂದರೆ ಅಂಗಳದಲ್ಲಿ ಯಾರೂ ಇಲ್ಲ. ಚಾಪೆ ಹಾಸಿದ ಹಾಗೇ ಇತ್ತು. ಕಡಲಿಗೆ ಇಳಿಯಲೆಂದು ಬಗೆದಿಟ್ಟ ದಾರಿ ಒಣಗಿಯೇ ಇತ್ತು. ಒದ್ದೆ ಹೆಜ್ಜೆ ಮಾತ್ರ ಅಂಗಳದ ಅಂಚಿನಲ್ಲಿ ತಿರುಗಿ, ದಿಣ್ಣೆಯ ಬದಿಗೇ ತೆಂಕಕ್ಕೆ ಹೋಗಿತ್ತು.

"ಏಡೀ! ಏ ಏಡೀ! ಎಲ್ಲಿ ಹೋದಳು ಇವಳು?"

ಏಡಿ ತೂತಿನಿಂದ ಕಣ್ಣು ಹೊರಗೆ ಹಾಕಿತು. "ಹೋದಳು ದಾರಕ್ಕ. ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತಿದ್ದಳು. ಇದೂ ದಾರಿಯಲ್ಲಿ ಸಿಕ್ಕಿದ ಊರೇ, ನನಗೇ ನೀರು ಕೊಡುವ ಮನೆ ಇನ್ನೂ ಮುಂದೆಲ್ಲೋ ಇರಬೇಕು ಅಂತ."

ದಾರಕ್ಕನ ಕೈಯಿಂದ ಬಾಳೆಲೆ ಜಾರಿತು. ಕಾಗೆಗೆ ಕೊಟ್ಟಿದ್ದೆ. ಆಮೆಗೆ ಕೊಟ್ಟಿದ್ದೆ. ಹೆಸರು ಗೊತ್ತಿಲ್ಲದ ಹಕ್ಕಿಗೆ ಕೊಟ್ಟಿದ್ದೆ. ತವರಿಗೆ ಬಂದ ಮಗಳ ಮುಂದೆ ಖಾಲಿ ಕೊಡ ಹಿಡಿದೆನಲ್ಲ! ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಒಳಗೆ ಓಡಿದಳು. ಬೆಲ್ಲದ ಅಚ್ಚು ಮುಷ್ಟಿಯಲ್ಲಿ ಹಿಡಿದಳು. ತಂಬಿಗೆ ಕೊಡಕ್ಕೆ ಅದ್ದಲು ಹೋದವಳು ಹಾಗೇ ನಿಂತುಬಿಟ್ಟಳು. ಮನೆಯಲ್ಲಿದ್ದದ್ದು ಹೊಳೆಯದೇ ನೀರು. ಅವಳದನ್ನೇ ಅವಳಿಗೆ ಕೊಟ್ಟು ಕುಡಿ ಅನ್ನುವುದಾ? ಬೇರೆ ನೀರು ಒಂದು ಹನಿ ಇರಲಿಲ್ಲ. ಬೆಲ್ಲ ಮಾತ್ರ ಹಿಡಿದುಕೊಂಡು ದಾರಕ್ಕ ಮರಳಿನ ಮೇಲೆ ಓಡಿದಳು. ಕಾಲು ಹೂತುಹೋಗುತ್ತಿತ್ತು, ಬಿದ್ದಳು, ಎದ್ದಳು, ಮತ್ತೆ ಓಡಿದಳು.

"ಮಗಾ, ನಿಲ್ಲು! ಅದೇ ನಿನ್ನ ಮನೆ! ನಾನು ನಿನ್ನ ಅತ್ತೆ ಮರಾಯ್ತಿ! ದಿಣ್ಣೆಯಾಚೆ ನಿನ್ನ ಅಪ್ಪ ನಿಂತಿದ್ದಾನೆ!"

ದೂರದಲ್ಲಿ ಹೋಗುತ್ತಿದ್ದ ಹೊಳೆಗೆ ಆ ಕೂಗು ಕೇಳಿಸಿತು. ತಿರುಗಲು ನೋಡಿದಳು. ನೀರು ಸುಳಿಸುಳಿಯಾಗಿ ಅಲ್ಲೇ ಸುತ್ತಿತೇ ವಿನಾ ಹಿಂದಕ್ಕೆ ಬರಲಿಲ್ಲ.

"ಅತ್ತೇ," ಎಂದಳು ಹೊಳೆ, "ಹೊಳೆಗೆ ಹಿಂದೆ ನಡೆಯಲು ಬರುವುದಿಲ್ಲವಲ್ಲ ಅತ್ತೇ."

"ಅಯ್ಯೋ, ನನ್ನ ಬುದ್ಧಿಗೆ ಮಣ್ಣು ಬಿತ್ತು! ಒಂದು ತುಂಡು ಬೆಲ್ಲವಾದರೂ ತಗೋ!"

ದಾರಕ್ಕ ಬೆಲ್ಲ ಎಸೆದಳು. ಅದು ದಡದ ಮರಳಿಗೇ ಬಿತ್ತು. ಹೊಳೆ ಮುಂದೆ ಮುಂದೆ ಹೋಗುತ್ತಲೇ ಇದ್ದಳು.

"ಬೇಸರ ಮಾಡಿಕೊಳ್ಳಬೇಡಿ ಅತ್ತೇ. ನಿಮಗೂ ಬಾಯಾರಿತ್ತಲ್ಲ."

ಆ ಮಾತು ಕೇಳಿ ದಾರಕ್ಕ ಮರಳಿನ ಮೇಲೆ ಕುಸಿದು ಕೂತಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಇದನ್ನು ಸಹಿಸಲಾಗಲಿಲ್ಲ.

ಹೊಳೆ ನಡೆದಳು. ಎಡಕ್ಕೆ ಬಯಲು, ಬಲಕ್ಕೆ ದಿಣ್ಣೆ, ದಿಣ್ಣೆಯಾಚೆ ಅಪ್ಪ. ಕೂಗಿದರೆ ಕೇಳುವಷ್ಟು ಹತ್ತಿರ, ಕೈ ಚಾಚಿದರೆ ಸಿಗದಷ್ಟು ದೂರ. ದಿಣ್ಣೆ ಮುಗಿಯುವ ತನಕ ಹಾಗೇ ನಡೆದು, ಎಲ್ಲೋ ದೂರದ ಅಳಿವೆಯಲ್ಲಿ, ಕರೆಯಲು ಒಂದು ನರಪಿಳ್ಳೆಯೂ ಇಲ್ಲದ ಜಾಗದಲ್ಲಿ ಕಡಲಿಗೆ ಇಳಿದಳು. ಕಡಲಣ್ಣ ಓಡಿ ಹೋಗಿ ಬಾಚಿ ತಬ್ಬಿಕೊಂಡ.

"ಯಾಕೆ ಮಗಾ ಇಷ್ಟು ತಡ? ಯಾಕೆ ಇಷ್ಟು ಸುತ್ತು?"

"ಊರು ನೋಡುತ್ತಾ ಬಂದೆ ಅಪ್ಪಾ," ಎಂದಳು ಹೊಳೆ. "ನಡುಗಡ್ಡೆ ನೋಡಿದೆ, ಕರಿ ಬಂಡೆ ನೋಡಿದೆ. ಚಂದ ಉಂಟು."

"ಅತ್ತೆ ಸಿಕ್ಕಿದಳಾ? ಚೆನ್ನಾಗಿ ನೋಡಿಕೊಂಡಳಾ?"

"ನೋಡಿಕೊಂಡರು ಅಪ್ಪಾ. ಕಡುಬು ಮಾಡಿದ್ದರು, ಹಾಲುಬಾಯಿ ಮಾಡಿದ್ದರು."

ಅಷ್ಟೇ ಹೇಳಿದಳು. ತವರಿನ ಮಾತನ್ನು ಬಿಟ್ಟುಕೊಡುವ ಮಗಳಲ್ಲ ಅವಳು.

ಕಡಲಣ್ಣನಿಗೆ ಸಂತೋಷವೋ ಸಂತೋಷ. ಮರಳಿನ ಗೆರೆ ದಾಟುವ ಹಾಗಿರಲಿಲ್ಲ, ಆದರೆ ಮಗಳು ಬಂದ ದಾರಿಗೆ ದೇವರು ಗೆರೆ ಎಳೆದಿರಲಿಲ್ಲ. ಅದೇ ದಾರಿ ಹಿಡಿದು, ಅಳಿವೆಯಿಂದ ಒಳಗೆ ನುಗ್ಗಿ, ಮೆಲ್ಲಗೆ ಏರಿ ಏರಿ ದಾರಕ್ಕನ ಮನೆಯ ಮುಂದೆ ಬಂದ. ದಾರಕ್ಕ ಅಂಗಳದ ಅಂಚಿನಲ್ಲಿ ತಲೆ ಬಗ್ಗಿಸಿ ಕೂತಿದ್ದಳು.

"ದಾರೂ! ನಿನ್ನ ಉಪಕಾರ ಸಾಯುವ ತನಕ ಮರೆಯುವುದಿಲ್ಲ. ಮಗಳು ಬಾಯಿ ತುಂಬ ಹೊಗಳಿದಳು."

ದಾರಕ್ಕನಿಗೆ ಆ ಮಾತು ಕೆಂಡ ಮುಟ್ಟಿದ ಹಾಗಾಯಿತು. "ಸುಳ್ಳು ಅಣ್ಣಾ!" ಎಂದು ಅತ್ತುಬಿಟ್ಟಳು. "ಅವಳಿಗೆ ನಾನು ಒಂದು ತಂಬಿಗೆ ನೀರು ಕೊಡಲಿಲ್ಲ. ಹೊಳೆಗೆ ಯಾಕೆ ನೀರು ಅಂದುಕೊಂಡೆ. ಬಾಗಿಲಿಗೆ ಬಂದ ಮಗಳ ಹತ್ತಿರ ಕೊಡ ತುಂಬಿಸು ಅಂದೆ. ಇದು ತನ್ನ ಮನೆಯಲ್ಲ ಅಂದುಕೊಂಡು ಹೋದಳು ಅವಳು. ಇಗೋ, ಇಲ್ಲೇ ನಿಂತಿದ್ದಳು. ಇಲ್ಲಿಂದಲೇ ತಿರುಗಿ ಹೋದಳು."

ಕಡಲಣ್ಣ ಆ ಜಾಗ ನೋಡಿದ. ಅಲ್ಲಿಂದ ದಿಣ್ಣೆ ನೋಡಿದ. ದಿಣ್ಣೆಯಾಚೆ ತಾನು ಕಾದು ನಿಂತಿದ್ದ ಜಾಗ ನೋಡಿದ.

"ಇಷ್ಟು ಹತ್ತಿರ ಬಂದಿದ್ದಳಾ?" ಎಂದ.

"ಬೈ ಅಣ್ಣಾ. ಎರಡು ಮಾತು ಬೈದುಬಿಡು."

ಕಡಲಣ್ಣ ಬೈಯಲಿಲ್ಲ. ಸದ್ದಿಲ್ಲದೆ ಬಂದ ದಾರಿಯಲ್ಲೇ ಇಳಿದು ಹೋದ. ದಿಣ್ಣೆಯ ಆಚೆ ಬದಿಗೆ ಹೋದ ಮೇಲೆ ಅವನ ದುಃಖ ಕಟ್ಟೆಯೊಡೆಯಿತು. ಇಷ್ಟು ಹತ್ತಿರ, ಇಷ್ಟು ಹತ್ತಿರ ಎಂದು ಆ ದಡಕ್ಕೆ ತಲೆ ಬಡಿದುಕೊಂಡ. ಗೆರೆಯ ತನಕ ಬಂದು ಬಡಿದುಕೊಳ್ಳುವುದು, ಹಿಂದೆ ಸರಿಯುವುದು. ಮತ್ತೆ ಬರುವುದು, ಮತ್ತೆ ಬಡಿದುಕೊಳ್ಳುವುದು.

ಕಡಲಣ್ಣ ಏರಿ ಬಂದು ಹೋದ ಮೇಲೆ ಮನೆ ಮುಂದಿನ ಹೊಳೆಯ ನೀರೂ ಉಪ್ಪಾಯಿತು. ಹಿಂದೆ ಉಪ್ಪು, ಮುಂದೆ ಉಪ್ಪು, ನಡುವೆ ದಾರಕ್ಕ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದು ಹೋದರೆ ಹೋಗಲಿ, ಅದಕ್ಕೆ ಅವಳು ಅಳಲಿಲ್ಲ. ಮನೆಯೊಳಗಿದ್ದ ಆ ತುಂಬಿದ ಕೊಡವನ್ನು ಅವಳು ಬಾಯಿಗೆ ಮುಟ್ಟಿಸಲಿಲ್ಲ. ಹೊರಗೆ ತಂದು ಮರಳಿಗೆ ಸುರಿದಳು.

ಮರುದಿನ ದಾರಕ್ಕ ಬೆಳಗಾಗುವಾಗಲೇ ಎದ್ದು ದೋಣಿ ಇಳಿಸಿದಳು. ಈಗ ಗುಡ್ಡಕ್ಕೆ ಹೋಗಬೇಕಾದರೆ ಹೊಳೆಯನ್ನೇ ದಾಟಬೇಕಲ್ಲ. ಒರತೆಯ ನೀರು ತಂದಳು. ಹೊಳೆ ತಿರುಗಿದ ಜಾಗದಲ್ಲಿ ಬಾಳೆಲೆ ಹಾಸಿ, ತಂಬಿಗೆ ತುಂಬ ನೀರು, ಒಂದು ತುಂಡು ಬೆಲ್ಲ ಇಟ್ಟಳು.

"ಕುಡಿ ಮಗಾ," ಎಂದಳು.

ಘಟ್ಟದಿಂದ ಹೊಸ ನೀರು ಬರುತ್ತಲೇ ಇತ್ತು. ಬರುವ ಒಂದೊಂದು ನೀರೂ ಆ ತಿರುವಿನಲ್ಲಿ ದಾರಕ್ಕನ ಮುಖ ನೋಡುತ್ತಿತ್ತು. ಆದರೆ ಒಮ್ಮೆ ಬಿದ್ದ ದಾರಿ ಹೊಳೆಗೆ ಹಣೆಬರಹ. ದಡ ಮೇಲೆ, ಹೊಳೆ ಕೆಳಗೆ. ತಂಬಿಗೆಗೆ ಬಾಯಿ ಎಟುಕದೆ ನೀರು ಮುಂದೆ ಹೋಗುತ್ತಿತ್ತು. ದಾರಕ್ಕ ಕೆಳಗಿಳಿದು ಸುರಿದರೂ ಅದು ಉಪ್ಪಿನಲ್ಲಿ ಕರಗಿ ಇಲ್ಲದಂತಾಗುತ್ತಿತ್ತು.

ಬಂದವರಿಗೆಂದು ಇಟ್ಟದ್ದನ್ನು ಮನೆಯೊಳಗೆ ತಿರುಗಿ ಒಯ್ಯಬಾರದು. ಅದಕ್ಕೇ ಸಂಜೆಯಾದ ಮೇಲೆ ಅವಳು ಆ ಬೆಲ್ಲ ನೀರನ್ನು ದಿಣ್ಣೆಯ ಮರಳಿಗೇ ಸುರಿಯುತ್ತಿದ್ದಳು. ದಿನಾ ತಂದಳು, ದಿನಾ ಇಟ್ಟಳು, ದಿನಾ ಸುರಿದಳು. ಬಾಯಿ ಬಡುಕಿ ದಾರಕ್ಕನ ಮಾತು ಕಡಿಮೆಯಾಯಿತು. ಕೂದಲು ಬೆಳ್ಳಗಾಯಿತು. ಗಾಳಿ ಬಂದು, "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ಬಿಡಿ ದಾರಕ್ಕ," ಎನ್ನುತ್ತಿತ್ತು. "ನಿನಗೆ ಮನೆಯಿದ್ದಿದ್ದರೆ ಗೊತ್ತಾಗುತ್ತಿತ್ತು," ಎಂದು ಅವಳು ಕೊಡ ಎತ್ತಿಕೊಳ್ಳುತ್ತಿದ್ದಳು.

ಒಂದು ದಿನ ಏಡಿ ಕೂಗಿತು. "ದಾರಕ್ಕಾ, ಬೇಗ ಬನ್ನಿ! ನನ್ನ ತೂತಿನಲ್ಲಿ ನೀರು ಬಂದಿದೆ!"

ದಾರಕ್ಕ ಮೊಣಕಾಲೂರಿ ಕೈಯಿಂದ ಮರಳು ಬಗೆದಳು. ಮರಳಿನ ಅಡಿಯಿಂದ ತಣ್ಣಗೆ ನೀರು ಜಿನುಗಿ ಬೊಗಸೆ ತುಂಬಿತು. ನಾಲಿಗೆಗೆ ಹಚ್ಚಿ ನೋಡಿದಳು. ಸಿಹಿ! ಕಡಲು ಈ ಬದಿಗೆ, ಉಪ್ಪಿನ ಹೊಳೆ ಆ ಬದಿಗೆ, ನಡುವಿನ ಮರಳು ಅವಳು ಸುರಿದದ್ದನ್ನೆಲ್ಲ ಒಂದು ಹನಿ ಬಿಡದೆ ಎತ್ತಿಟ್ಟುಕೊಂಡಿತ್ತು.

"ಗೆದ್ದಿರಿ ದಾರಕ್ಕ!" ಎಂದು ಏಡಿ ಕುಣಿಯಿತು. "ಇನ್ನು ಗುಡ್ಡಕ್ಕೆ ಹೋಗುವುದು ಬೇಡ! ಬಾಗಿಲಲ್ಲೇ ಸಿಹಿ ನೀರು!"

ದಾರಕ್ಕ ಬೊಗಸೆಯ ನೀರನ್ನು ನೋಡುತ್ತಾ ಕೂತಳು. ಅವತ್ತು ಇದರಲ್ಲಿ ಒಂದೇ ಒಂದು ಬೊಗಸೆ ಮನೆಯಲ್ಲಿದ್ದಿದ್ದರೆ ಸಾಕಿತ್ತು.

"ನೀರು ಸಿಕ್ಕಿತು ಏಡಿ," ಎಂದಳು. "ಕುಡಿಯಬೇಕಾದವಳು ಸಿಗಲಿಲ್ಲ."

ದಾರಕ್ಕ ಈಗಿಲ್ಲ. ಅವಳ ಮನೆಯೂ ಇಲ್ಲವಾಗಿ ಎಷ್ಟೋ ಕಾಲವಾಯಿತು. ದಿಣ್ಣೆಯ ಮೇಲೆ ಈಗ ರಸ್ತೆ ಬಂದಿದೆ. ಬಸ್ಸಿನಲ್ಲಿ ಹೋಗುವಾಗ ಈ ಕಿಟಕಿಯಲ್ಲಿ ಕಡಲು, ಆ ಕಿಟಕಿಯಲ್ಲಿ ಹೊಳೆ ಕಾಣುತ್ತದೆ. ದೂರದೂರಿನವರು ಇಳಿದು ಫೋಟೋ ತೆಗೆದುಕೊಳ್ಳುತ್ತಾರೆ, ಏನು ಚಂದ, ಏನು ಚಂದ ಎನ್ನುತ್ತಾರೆ. ಚಂದವೇ, ಇಲ್ಲ ಅನ್ನುವವರು ಯಾರು? ಅಲ್ಲಿನ ಮರಳನ್ನು ಕೈಯಿಂದ ಬಗೆದರೆ ಈಗಲೂ ಸಿಹಿ ನೀರು ಬರುತ್ತದೆ. ಅಲ್ಲಿನ ಮನೆಗಳಲ್ಲಿ ಈಗಲೂ, ಬಂದವರು ಯಾರು ಎಂದು ಕೇಳುವ ಮುಂಚೆ ಬೆಲ್ಲ ನೀರು ತಂದಿಡುತ್ತಾರೆ.

ನೀನು ಹೋದಾಗ ಆ ತಿರುವಿನ ಹತ್ತಿರ ಸ್ವಲ್ಪ ನಿಂತು ನೋಡು, ಮಗೂ. ಒಂದು ಕಡೆ ಕಡಲು ದಡಕ್ಕೆ ತಲೆ ಬಡಿದುಕೊಳ್ಳುತ್ತಿರುತ್ತದೆ, ಇನ್ನೊಂದು ಕಡೆ ಘಟ್ಟದಿಂದ ಇಳಿದು ಬಂದ ಹೊಳೆ ಅಪ್ಪನ ಬಾಗಿಲಲ್ಲಿ ಸದ್ದಿಲ್ಲದೆ ಒಂದು ಗಳಿಗೆ ನಿಂತು, ಯಾರೂ ಕುಡಿ ಅನ್ನಲಿಲ್ಲವೆಂದು ತೆಂಕಕ್ಕೆ ತಿರುಗಿ ನಡೆಯುತ್ತಿರುತ್ತದೆ.